ಕರೆಯುವವರೇ ಇಲ್ಲದ ಮೇಲೆ 'ಕರೆ' ಅನ್ನೋದಕ್ಕೆ ಅರ್ಥ ಇದೆಯಾ?

ಕಾಗದದ ದೋಣಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1917ರ ನವೆಂಬರ್ 7ರಂದು ಮ್ಯೂನಿಕ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಒಂದು ಭಾಷಣ ಮಾಡಿದರು. ವಿದ್ವತ್ತಿನ ಕೆಲಸವನ್ನು ಒಂದು ಕರೆ, ಅಂದರೆ ನಮ್ಮನ್ನು ಕರೆದು ಒಪ್ಪಿಸಿದ ಬಾಳಿನ ಕೆಲಸ, ಅಂತ ತೆಗೆದುಕೊಂಡು ಬದುಕುವುದು ಅಂದರೆ ಏನು ಅನ್ನುವುದು ಅದರ ವಿಷಯ. ಈಗಷ್ಟೇ ಓದಿ ಮುಗಿಸಿದೆ, ತಲೆಯಿಂದ ಹೋಗುತ್ತಿಲ್ಲ. ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಕೇಳಲು ಬಂದ ಹುಡುಗರಿಗೆ ಯಾರಾದರೂ ದಾರಿ ತೋರಿಸಬೇಕಿತ್ತು. ವೇಬರ್ ಮೊದಲು ಸಂಬಳ, ನೇಮಕಾತಿ, ವಿಶ್ವವಿದ್ಯಾಲಯದ ಕೆಲಸ ಸಿಗುವುದರಲ್ಲಿ ಅದೃಷ್ಟದ ಪಾಲು ಎಷ್ಟು ಅಂತ ಹೇಳುತ್ತಾರೆ. ಸಾಧಾರಣ ಬುದ್ಧಿಯವರು ವರ್ಷದಿಂದ ವರ್ಷಕ್ಕೆ ನಿಮ್ಮನ್ನು ದಾಟಿ ಮೇಲೆ ಹೋಗುವುದನ್ನು ನೋಡಿ ಸಹಿಸಿಕೊಳ್ಳಬಲ್ಲಿರಾ ಅಂತ ಕೇಳುತ್ತಾರೆ. ನೀವು ಮಾಡಿದ್ದು ಹತ್ತು, ಇಪ್ಪತ್ತು, ಐವತ್ತು ವರ್ಷಗಳಲ್ಲಿ ಹಳತಾಗುತ್ತದೆ, ಹಳತಾಗಲೇಬೇಕು ಅಂತಲೂ ಹೇಳುತ್ತಾರೆ. ಹೇಗೆ ಬದುಕಬೇಕು ಅನ್ನುವ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಡುವುದಿಲ್ಲ ಅನ್ನುವ ಟಾಲ್‌ಸ್ಟಾಯ್ ಮಾತನ್ನೂ ಒಪ್ಪಿಕೊಳ್ಳುತ್ತಾರೆ.

ಇಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ ಅವರು ಹೇಳುವುದು ಇಷ್ಟು: ಸುಮ್ಮನೆ ಕಾಯುತ್ತಾ ಹಂಬಲಿಸುತ್ತಾ ಕೂರಬೇಡಿ, ಕೆಲಸಕ್ಕೆ ಹೋಗಿ, ಆ ದಿನ ಕೇಳುವುದನ್ನು ಮಾಡಿ. ತನ್ನ ಬದುಕಿನ ಎಳೆಗಳನ್ನು ಹಿಡಿದಿರುವ ದೈವ ಯಾವುದು ಅಂತ ಗೊತ್ತುಮಾಡಿಕೊಂಡು ಅದರ ಮಾತು ಕೇಳಿದರೆ ಇದು ಸರಳ.

ನನಗೆ ಇಲ್ಲೇ ಕಾಲು ಸಿಕ್ಕಿಕೊಂಡಿದೆ. ಹದಿನಾರನೇ ಶತಮಾನದ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ 'ಕರೆ' ಅಂದಾಗ ಕರೆಯುವವನು ದೇವರು. ಅದನ್ನು ನಂಬಬಹುದು, ಬಿಡಬಹುದು, ಆದರೆ ಮಾತು ಅರ್ಥವಾಗುತ್ತದೆ. ವೇಬರ್ ಹೇಳುವ ಜಗತ್ತಿನಲ್ಲಿ ದೇವರು ಹಿಂದೆ ಸರಿದಾಗಿದೆ, ಮೌಲ್ಯಗಳು ಒಂದರ ಮೇಲೊಂದು ಕಾದಾಡುತ್ತಿವೆ, ಯಾವುದು ಮೇಲು ಅಂತ ತೀರ್ಪು ಕೊಡುವವರು ಯಾರೂ ಇಲ್ಲ. ಹಾಗಿದ್ದ ಮೇಲೆ 'ದೈವ' ಅನ್ನುವುದು ಏನು? ನನಗೆ ತುಂಬಾ ಇಷ್ಟ ಆಗಿರುವುದಕ್ಕೆ ಒಂದು ದೊಡ್ಡ ಹೆಸರು, ಅಷ್ಟೇ ಅಲ್ವಾ? ಜರ್ಮನ್ ಚಿಂತಕ ಮ್ಯಾಕ್ಸ್ ಸ್ಟಿರ್ನರ್ 1844ರಲ್ಲೇ ಇದನ್ನು ಹೇಳಿಬಿಟ್ಟಿದ್ದ. ಗಿಡಕ್ಕೂ ಪ್ರಾಣಿಗೂ ಹೇಗೆ ಕರೆ ಇಲ್ಲವೋ ಹಾಗೆ ಮನುಷ್ಯನಿಗೂ ಯಾವ ಕರೆಯೂ ಇಲ್ಲ, ಯಾವ ಗುರಿಯೂ ಇಲ್ಲ, ಇರುವುದು ಅವನ ಶಕ್ತಿಗಳು, ಅವು ಎಲ್ಲಿ ಹರಿಯುತ್ತವೋ ಅಲ್ಲಿ ಹರಿಯುತ್ತವೆ ಅಂತ. ಆ ಮಾತಿಗೆ ಎದುರಾಗಿ ಗಟ್ಟಿಯಾಗಿ ಏನು ಹೇಳಬಹುದು ಅಂತ ನನಗೆ ಹೊಳೆಯುತ್ತಿಲ್ಲ.

ಕೇಳುತ್ತಿರುವುದಕ್ಕೆ ಕಾರಣವೂ ಇದೆ. ಇರುವ ಕೆಲಸ ಬಿಟ್ಟು ಸಂಶೋಧನೆಗೆ ಸೇರುವ ಯೋಚನೆಯಲ್ಲಿದ್ದೇನೆ. ಮನೆಯವರಿಗೆ ಇದರಿಂದ ಕಷ್ಟ ಆಗುತ್ತದೆ. 'ಇಷ್ಟ, ಅದಕ್ಕೆ ಮಾಡುತ್ತೇನೆ' ಅನ್ನುವುದಕ್ಕೂ 'ಇದು ನನ್ನ ಕರೆ' ಅನ್ನುವುದಕ್ಕೂ ನೀತಿಯ ದೃಷ್ಟಿಯಿಂದ ಏನಾದರೂ ವ್ಯತ್ಯಾಸ ಇದೆಯಾ? ಇದ್ದರೆ ಎಲ್ಲಿದೆ?

ಹಳೇ ಪುಟ

ಒಳ್ಳೆಯ ಪ್ರಶ್ನೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ವ್ಯತ್ಯಾಸ ಇದೆ, ಆದರೆ ನೀವು ಅದನ್ನು ಹುಡುಕುತ್ತಿರುವ ಜಾಗದಲ್ಲಿ ಇಲ್ಲ. 'ಯಾರು ಕರೆಯುತ್ತಿದ್ದಾರೆ' ಅನ್ನುವ ಪ್ರಶ್ನೆಗೆ ಅಂಟಿಕೊಂಡರೆ ಸ್ಟಿರ್ನರ್ ಗೆಲ್ಲುತ್ತಾನೆ. 'ಯಾರಿಗೆ ಉತ್ತರ ಕೊಡಬೇಕು' ಅಂತ ಕೇಳಿದರೆ ಗೆಲ್ಲುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಲೂಥರ್‌ಗಿಂತ ಮುಂಚಿನ ಯುರೋಪಿನಲ್ಲಿ ಕರೆ ಅಂದರೆ ಹೆಚ್ಚುಕಡಿಮೆ ಪಾದ್ರಿಗಳಿಗೆ, ಮಠದ ಸನ್ಯಾಸಿಗಳಿಗೆ, ಸನ್ಯಾಸಿನಿಯರಿಗೆ ಬರುವಂಥದ್ದು. ಚಪ್ಪಲಿ ಹೊಲಿಯುವವನಿಗೆ ಕರೆ ಇರಲಿಲ್ಲ, ಕಸುಬು ಇತ್ತು. ಲೂಥರ್ ತಾನೇ 1505ರಲ್ಲಿ ಎರ್ಫರ್ಟ್‌ನ ಮಠ ಸೇರಿದವನು. 1521ರಲ್ಲಿ ಮಠದ ಪ್ರತಿಜ್ಞೆಗಳ ವಿರುದ್ಧವೇ ಒಂದು ದೊಡ್ಡ ಪುಸ್ತಕ ಬರೆದ, 1525ರಲ್ಲಿ ಮಠ ಬಿಟ್ಟು ಬಂದಿದ್ದ ಕಾಥರೀನಾ ಫಾನ್ ಬೋರಾಳನ್ನು ಮದುವೆಯಾದ. ಅವನ ವಾದ ಏನೆಂದರೆ, ದೇವರಿಗೆ ನಮ್ಮ ಒಳ್ಳೆಯ ಕೆಲಸಗಳು ಬೇಕಾಗಿಲ್ಲ, ಅವು ಬೇಕಾಗಿರುವುದು ಪಕ್ಕದ ಮನೆಯವನಿಗೆ. 1522ರಲ್ಲಿ ಮದುವೆಯ ಬಗ್ಗೆ ಬರೆಯುವಾಗ ಒಂದು ಮಾತು ಹೇಳುತ್ತಾನೆ, ನನಗೆ ತುಂಬಾ ಇಷ್ಟ ಅದು. ಅಪ್ಪ ಮಗುವಿನ ಗಲೀಜು ಬಟ್ಟೆ ಒಗೆಯುತ್ತಿದ್ದರೆ ಜನ ಅವನನ್ನು ಹೆಣ್ಣಿಗ ಅಂತ ಆಡಿಕೊಳ್ಳಬಹುದು, ಆದರೆ ಅವನು ಅದನ್ನು ನಂಬಿಕೆಯಿಂದ ಮಾಡುತ್ತಿದ್ದರೆ ದೇವರು ತನ್ನೆಲ್ಲ ದೇವದೂತರ ಜೊತೆ ನಗುತ್ತಿರುತ್ತಾನೆ, ಸಂತೋಷದಿಂದ.

ಇಲ್ಲಿ ಗಮನಿಸಿ. ಕರೆದವನು ದೇವರು, ನಿಜ. ಆದರೆ ಕರೆ ಮುಖ ಮಾಡಿರುವುದು ಮಗುವಿನ ಕಡೆಗೆ. ಕರೆ ಅನ್ನುವುದರಲ್ಲಿ ಮೊದಲಿಂದಲೂ ಎರಡು ತುದಿ ಇದ್ದವು. ಆಮೇಲೆ ಬಂದ ತತ್ವಜ್ಞಾನಿಗಳಲ್ಲಿ ಹೆಚ್ಚಿನವರು ಮೊದಲ ತುದಿಯ ಬಗ್ಗೆಯೇ ಜಗಳಾಡಿದರು. ದೇವರು ಹೋದ ಮೇಲೆ ಕರೆಯುವವರು ಯಾರು, ವಿವೇಕವೋ, ಪ್ರಕೃತಿಯೋ, ಇತಿಹಾಸವೋ, ನನ್ನ ಒಳಗಿನ 'ನಿಜವಾದ ನಾನೋ' ಅಂತ. ಎರಡನೇ ತುದಿ ಅಲ್ಲೇ ಇತ್ತು, ಅದನ್ನು ಯಾರೂ ಕಿತ್ತುಹಾಕಿರಲಿಲ್ಲ.

ಹದಿನೆಂಟನೇ ಶತಮಾನದ ಜರ್ಮನ್ ತತ್ವಜ್ಞಾನಿ ಕಾಂಟ್ ಇದನ್ನು ಅರ್ಧ ಉಳಿಸಿಕೊಂಡ. 1785ರ ಪುಸ್ತಕದಲ್ಲಿ ಅವನು ಕೊಡುವ ಒಂದು ಉದಾಹರಣೆ, ಪ್ರತಿಭೆ ಇದ್ದೂ ಅದನ್ನು ಬೆಳೆಸದೆ ಸುಖವಾಗಿ ಕಾಲ ಕಳೆಯುವ ಮನುಷ್ಯನದು. ಹಾಗೆ ಇರಬಾರದು, ನಿನ್ನ ಶಕ್ತಿಗಳನ್ನು ಬೆಳೆಸುವುದು ನಿನ್ನ ಕರ್ತವ್ಯ ಅನ್ನುತ್ತಾನೆ. ಆದರೆ ಯಾವ ಶಕ್ತಿಯನ್ನು? 1797ರಲ್ಲಿ ಅದಕ್ಕೆ ಅವನ ಉತ್ತರ, ಕೈಕಸುಬೋ ವ್ಯಾಪಾರವೋ ವಿದ್ಯೆಯೋ ಅದು ನಿನಗೆ ಬಿಟ್ಟದ್ದು. ಅಂದರೆ ಕಾಂಟ್‌ನಲ್ಲಿ ಕರ್ತವ್ಯ ಉಂಟು, ನಿನ್ನ ಹೆಸರು ಹಿಡಿದು ಕರೆಯುವ ಕರೆ ಇಲ್ಲ. ನನಗೆ ಇದು ತುಂಬಾ ಆರೋಗ್ಯಕರವಾದ ನಿಲುವು ಅನ್ನಿಸುತ್ತದೆ. 'ನನ್ನ ಒಂದೇ ಒಂದು ನಿಜವಾದ ಕರೆ ಯಾವುದು' ಅಂತ ಹುಡುಕಿ ಹುಡುಕಿ ಸೋಲುವವರಿಗೆ ಕಾಂಟ್ ಹೇಳುವುದು, ಅಂಥದ್ದು ಒಂದೇ ಇರಬೇಕು ಅಂತ ಯಾರು ಹೇಳಿದರು, ಒಂದನ್ನು ಹಿಡಿದು ಚೆನ್ನಾಗಿ ಮಾಡು.

ಕಾಂಟ್ ನಂತರ ಬಂದ ತತ್ವಜ್ಞಾನಿ ಫಿಖ್ಟೆ ಇನ್ನೊಂದು ಅರ್ಧ ಉಳಿಸಿಕೊಂಡ. ರಿಬ್ಬನ್ ನೇಯುವವನ ಮಗ ಅವನು. 1794ರಲ್ಲಿ ಯೇನಾದಲ್ಲಿ ವಿದ್ವಾಂಸನ ಕರೆಯ ಬಗ್ಗೆ ಸಾಲು ಉಪನ್ಯಾಸ ಕೊಟ್ಟ. ನೀವು ಸಂಶೋಧನೆ ಅಂದಿದ್ದರಿಂದ ಇದು ನಿಮಗೆ ನೇರವಾಗಿ ಸಂಬಂಧಪಟ್ಟದ್ದು. ಯಾವ ಸ್ಥಾನಕ್ಕೆ ಸೇರಬೇಕು ಅನ್ನುವುದನ್ನು ಪ್ರತಿಯೊಬ್ಬನೂ ಸ್ವತಂತ್ರವಾಗಿ ಆರಿಸಿಕೊಳ್ಳಬೇಕು, ಯಾರೂ ಒತ್ತಾಯ ಮಾಡುವ ಹಾಗಿಲ್ಲ ಅನ್ನುತ್ತಾನೆ. ಆದರೆ ಜೊತೆಗೇ, ನೀನು ಇವತ್ತು ಏನಾಗಿದ್ದೀಯೋ ಅದಕ್ಕೆ ನಿನಗಿಂತ ಮುಂಚೆ ದುಡಿದವರೆಲ್ಲ ಕಾರಣ, ಆ ಸಾಲ ನಿನ್ನ ಮೇಲಿದೆ, ನಿನ್ನ ಕೌಶಲವನ್ನು ಅವರಿಗೆ ಅಂದರೆ ಸಮಾಜಕ್ಕೆ ವಾಪಸ್ಸು ಕೊಡಬೇಕು. ಇಲ್ಲಿ ದೇವರಿಲ್ಲ. ಆದರೂ ಕರೆ ಇದೆ. ಅದು ಒಳಗಿನ ಆಸೆಯಿಂದ ಹುಟ್ಟಿದ್ದಲ್ಲ, ಆಗಲೇ ಪಡೆದುಕೊಂಡಿರುವುದರಿಂದ ಹುಟ್ಟಿದ್ದು.

ಸ್ಟಿರ್ನರ್‌ಗೆ ನನ್ನ ಉತ್ತರ ಇದೇ. ಗಿಡಕ್ಕೆ ಕರೆ ಇಲ್ಲ, ನಿಜ. ಗಿಡಕ್ಕೆ ಮಾತು ಕಲಿಸಿದವರೂ ಯಾರೂ ಇಲ್ಲ, ಅದು ಯಾರಿಗೂ ಏನೂ ಬಾಕಿ ಇಲ್ಲ. ನಮ್ಮ ಸ್ಥಿತಿ ಹಾಗಿಲ್ಲ.

ಮಧ್ಯಾಹ್ನದ ಬಿಸಿಲು

ಹಳೇ ಪುಟ ಅವರು ಲೂಥರ್‌ನ ಚೆಂದದ ಅರ್ಧ ಹೇಳಿದರು. ಇನ್ನೊಂದು ಅರ್ಧವೂ ಇದೆ, ಅದನ್ನು ಬಿಟ್ಟರೆ ಚರ್ಚೆ ನ್ಯಾಯವಾಗಿ ನಡೆಯುವುದಿಲ್ಲ.

ಯಾವ ಸ್ಥಿತಿಯಲ್ಲಿ ಕರೆ ಬಂತೋ ಅದರಲ್ಲೇ ಇರು ಅನ್ನುವ, ಬೈಬಲ್ಲಿನ ಪೌಲನ ಮಾತಿನ ಮೇಲೆ ನಿಂತಿರುವ ಯೋಚನೆ ಇದು. ಅಂದರೆ ರೈತ ರೈತನಾಗಿರಲಿ, ಒಡೆಯ ಒಡೆಯನಾಗಿರಲಿ. 1525ರಲ್ಲಿ ಜರ್ಮನ್ ರೈತರು ಎದ್ದು ನಿಂತಾಗ ಲೂಥರ್ ಅವರ ವಿರುದ್ಧ ಬರೆದದ್ದನ್ನು ಓದಿ. ಅರಸರಿಗೆ ಅವರನ್ನು ಹೊಡೆದು ಕೊಲ್ಲಿ ಅಂದ. ಲೂಥರ್ ನಂತರದ ಸುಧಾರಕ ಕ್ಯಾಲ್ವಿನ್ ಇನ್ನೂ ಸ್ಪಷ್ಟ. ಪ್ರತಿಯೊಬ್ಬನ ಕರೆ ಅವನಿಗೆ ಕೊಟ್ಟ ಕಾವಲಿನ ಜಾಗ ಇದ್ದಂತೆ, ಬದುಕಿನಲ್ಲಿ ಅವನು ಅಲ್ಲಿ ಇಲ್ಲಿ ಅಲೆಯದಿರಲಿ ಅಂತ ದೇವರು ಅದನ್ನು ಗೊತ್ತುಮಾಡಿದ್ದಾನೆ ಅನ್ನುತ್ತಾನೆ. ಕಾವಲಿನವನು ಜಾಗ ಬಿಟ್ಟರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಹೆಂಗಸರ ವಿಷಯಕ್ಕೆ ಬಂದರೆ ಈ ಮಾತು ಇನ್ನೂ ಗಟ್ಟಿಯಾದ ಬೀಗ. ತಾಯ್ತನ ಹೆಣ್ಣಿನ ಕರೆ ಅಂತ ನೂರಾರು ವರ್ಷ ಹೇಳಿದರು. ಫ್ರೆಂಚ್ ಲೇಖಕಿ ಸಿಮೊನ್ ದ ಬೊವಾ 1949ರಲ್ಲಿ 'ದಿ ಸೆಕೆಂಡ್ ಸೆಕ್ಸ್' ಅನ್ನುವ ದೊಡ್ಡ ಪುಸ್ತಕ ಬರೆದಾಗ ತೋರಿಸಿದ್ದು ಇದನ್ನೇ. ಹುಡುಗಿಗೆ ಗೊಂಬೆ ಕೊಟ್ಟು, ಕಥೆ ಹೇಳಿ, ಬೇರೆ ಬಾಗಿಲುಗಳನ್ನು ಮುಚ್ಚಿ, ಕೊನೆಗೆ ಅವಳು ಒಳಗೆ ಹೋದದ್ದನ್ನು ಅವಳ ಸ್ವಭಾವ ಅಂತ ಕರೆಯುವುದು. ಆ ಅಪ್ಪ ಬಟ್ಟೆ ಒಗೆದರೆ ದೇವದೂತರು ನಗುತ್ತಾರೆ. ಅಮ್ಮ ದಿನಾ ಒಗೆಯುತ್ತಾಳಲ್ಲ, ಅವಳಿಗೆ ಬೇರೆ ಕರೆ ಇರಬಹುದಾ ಅಂತ ಲೂಥರ್ ಕೇಳಲಿಲ್ಲ.

ಕಾರ್ಖಾನೆಗೆ ಬನ್ನಿ. ಸಿಮೊನ್ ವೇಲ್ ತತ್ವಶಾಸ್ತ್ರ ಕಲಿಸುತ್ತಿದ್ದ ಮೇಷ್ಟರಮ್ಮ. 1934ರ ಡಿಸೆಂಬರ್‌ನಲ್ಲಿ ಶಾಲೆಗೆ ರಜೆ ಹಾಕಿ ಪ್ಯಾರಿಸ್‌ನ ಕಾರ್ಖಾನೆಗೆ ಕೂಲಿಯಾಗಿ ಸೇರಿದಳು. 1935ರ ಆಗಸ್ಟ್‌ವರೆಗೆ ಮಧ್ಯೆ ಮಧ್ಯೆ ಕಾಯಿಲೆ, ಕೆಲಸ ಹೋಗುವುದು, ಮತ್ತೆ ಬೇರೆ ಕಡೆ ಹುಡುಕುವುದು, ಹೀಗೆ ನಡೆಯಿತು. ಪೀಸ್‌ಗೆ ಇಷ್ಟು ಅಂತ ಲೆಕ್ಕದ ಕೂಲಿ. ಅವಳು ದಾಖಲಿಸಿದ್ದು ಏನೆಂದರೆ ಆ ವೇಗದಲ್ಲಿ ಯೋಚನೆ ಮಾಡುವುದೇ ನಿಂತುಹೋಗುತ್ತದೆ, ಯೋಚಿಸದೆ ಇರುವುದೇ ನೋವು ತಡೆಯುವ ದಾರಿ ಆಗುತ್ತದೆ, ಎದುರಾಡುವುದು ಬರುತ್ತದೆ ಅಂತ ಅಂದುಕೊಂಡಲ್ಲಿ ತಲೆ ತಗ್ಗಿಸುವುದು ಬಂತು. ಈ ಕೆಲಸ ಮಾಡುವವರ ಹತ್ತಿರ ಹೋಗಿ 'ಇದು ನಿನ್ನ ಕರೆ' ಅನ್ನುವುದು ಕ್ರೂರ. 'ನಿನ್ನ ಕರೆ ಯಾವುದು ಹುಡುಕಿಕೋ' ಅನ್ನುವುದೂ ಕ್ರೂರವೇ.

ವೇಬರ್ ಕೂಡ ಇದನ್ನು ಬಲ್ಲವನು. 1904-05ರಲ್ಲಿ ಪ್ರೊಟೆಸ್ಟೆಂಟ್ ನೀತಿಯ ಬಗ್ಗೆ ಬರೆದದ್ದರ ಕೊನೆಯಲ್ಲಿ ಅವನೇ ಹೇಳುತ್ತಾನೆ, ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಕ್ರೈಸ್ತ) ಕರೆಯ ಮನುಷ್ಯನಾಗಿರಲು ಬಯಸಿದ, ನಾವು ಹಾಗೆ ಇರಲೇಬೇಕಾಗಿದೆ. ನಂಬಿಕೆ ಹೋಯಿತು, ದುಡಿಮೆಯ ಚೌಕಟ್ಟು ಮಾತ್ರ ಉಕ್ಕಿನ ಹಾಗೆ ಗಟ್ಟಿಯಾಗಿ ಉಳಿಯಿತು. ಈಗ ಯಾವ ಸಂಸ್ಥೆಯ ಜಾಹೀರಾತು ನೋಡಿದರೂ 'ಇದು ಬರೀ ಕೆಲಸ ಅಲ್ಲ' ಅಂತ ಇರುತ್ತದೆ. ಆಮೇಲೆ ಗೊತ್ತಾಗುತ್ತದೆ, ಸಂಬಳವೂ ಕಡಿಮೆ ಅಂತ. ನರ್ಸ್‌ಗಳಿಗೆ, ಶಿಕ್ಷಕರಿಗೆ ಎಲ್ಲ ದೇಶಗಳಲ್ಲೂ ಇದೇ ಮಾತು ಹೇಳಿ ದುಡಿಸಿಕೊಳ್ಳುತ್ತಾರೆ.

ಹಾಗಾಗಿ ನನ್ನ ಸಲಹೆ: ಕರೆ ಅನ್ನುವ ಮಾತನ್ನೇ ಬಿಡಿ. ಸಂಶೋಧನೆ ಇಷ್ಟವಾದರೆ ಇಷ್ಟ ಅನ್ನಿ. ಮನೆಯವರ ಹತ್ತಿರ ಕೂತು ಖರ್ಚು, ಸಮಯ ಎಲ್ಲ ಮಾತಾಡಿ. 'ಇಷ್ಟ' ಅಂದರೆ ಅವರಿಗೆ ಬೇಡ ಅನ್ನುವ ಹಕ್ಕು ಇರುತ್ತದೆ. 'ಕರೆ' ಅಂದರೆ ಆ ಹಕ್ಕನ್ನು ಅವರಿಂದ ಕಸಿದುಕೊಂಡ ಹಾಗೆ.

ಕಾಗದದ ದೋಣಿ

ಇಬ್ಬರಿಗೂ ಧನ್ಯವಾದ. ಮಧ್ಯಾಹ್ನದ ಬಿಸಿಲು ಅವರ ಕೊನೆಯ ಎರಡು ವಾಕ್ಯ ಸರಿಯಾಗಿ ಚುಚ್ಚಿದವು. ಆದರೆ ಒಂದು ಸಂಶಯ. ಹದಿನೇಳನೇ ವಯಸ್ಸಿನಲ್ಲಿ, 1835ರಲ್ಲಿ, ಟ್ರಿಯರ್‌ನ ಶಾಲೆಯ ಪರೀಕ್ಷೆಗೆ ಮಾರ್ಕ್ಸ್ ಬರೆದ ಪ್ರಬಂಧದ ವಿಷಯವೂ ವೃತ್ತಿಯ ಆಯ್ಕೆಯೇ. ನಾವು ಕರೆ ಅಂತ ನಂಬಿದ ಸ್ಥಾನ ಯಾವಾಗಲೂ ಸಿಗುವುದಿಲ್ಲ, ನಾವು ತೀರ್ಮಾನ ಮಾಡುವ ಮುಂಚೆಯೇ ಸಮಾಜದಲ್ಲಿ ನಮ್ಮ ಸಂಬಂಧಗಳು ಒಂದು ಮಟ್ಟಿಗೆ ಗೊತ್ತಾಗಿಬಿಟ್ಟಿರುತ್ತವೆ ಅಂತ ಆ ಹುಡುಗ ಬರೆಯುತ್ತಾನೆ. ಬಿಸಿಲು ಅವರ ಮಾತೇ ಅದು. ಆದರೂ ಅವನು ಕರೆಯನ್ನು ಬಿಡುವುದಿಲ್ಲ. ಮನುಷ್ಯರಿಗೆಲ್ಲ ಹೆಚ್ಚು ಉಪಯೋಗವಾಗುವ ಸ್ಥಾನ ಆರಿಸಿಕೊಂಡರೆ ಯಾವ ಭಾರವೂ ನಮ್ಮನ್ನು ಬಗ್ಗಿಸುವುದಿಲ್ಲ ಅಂತ ಮುಗಿಸುತ್ತಾನೆ. ಎರಡೂ ಒಟ್ಟಿಗೆ ಇರಬಹುದು ಅಂತ ತಾನೇ?

ಇನ್ನೊಂದು. ಹಳೇ ಪುಟ ಅವರೇ, ಸಾಲ ತೀರಿಸಬೇಕು ಅನ್ನುವುದು ಒಪ್ಪಿಗೆ. ಆದರೆ ಸಾಲವನ್ನು ಹೇಗೆ ಬೇಕಾದರೂ ತೀರಿಸಬಹುದಲ್ಲ. ಈಗಿರುವ ಕೆಲಸದಿಂದಲೂ ತೀರಿಸಬಹುದು. ಇದೇ ಕೆಲಸ, ನಾನೇ ಮಾಡಬೇಕು ಅನ್ನುವ ಆ ಒತ್ತಡ ಎಲ್ಲಿಂದ ಬರುತ್ತದೆ?

ತೊರೆಯ ಕಲ್ಲು

ತಡವಾಗಿ ಬಂದೆ, ಕ್ಷಮಿಸಿ. ಆ ಒತ್ತಡದ ಬಗ್ಗೆಯೇ ನನಗೆ ಹೇಳಲಿಕ್ಕಿರುವುದು.

ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ 1945ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ ಒಂದು ಘಟನೆ ಹೇಳುತ್ತಾನೆ. ತಾಯಿಯ ಹತ್ತಿರ ಇರಬೇಕೋ ಯುದ್ಧಕ್ಕೆ ಹೋಗಬೇಕೋ ಅಂತ ಕೇಳಿದ ವಿದ್ಯಾರ್ಥಿಯ ಕಥೆ ಎಲ್ಲರಿಗೂ ಗೊತ್ತು. ಅದಲ್ಲ. ಅದೇ ಭಾಷಣದಲ್ಲಿ ಇನ್ನೊಬ್ಬ ಇದ್ದಾನೆ, ಸಾರ್ತ್ರ್ ಯುದ್ಧಕೈದಿಯಾಗಿದ್ದಾಗ ಪರಿಚಯವಾದ ಒಬ್ಬ ಜೆಸ್ಯೂಟ್, ಅಂದರೆ ಆ ಹೆಸರಿನ ಕ್ಯಾಥೊಲಿಕ್ ಸಂಘದ ಪಾದ್ರಿ. ಚಿಕ್ಕವನಿದ್ದಾಗ ಅಪ್ಪ ತೀರಿಹೋಗಿ ಮನೆ ಬಡತನಕ್ಕೆ ಬಿತ್ತು. ಧರ್ಮಾರ್ಥವಾಗಿ ಸೇರಿಸಿಕೊಂಡಿದ್ದೇವೆ ಅನ್ನುವುದನ್ನು ಶಾಲೆಯಲ್ಲಿ ಸದಾ ನೆನಪಿಸುತ್ತಿದ್ದರು. ಹದಿನೆಂಟರ ಹೊತ್ತಿಗೆ ಪ್ರೀತಿ ಮುರಿಯಿತು. ಇಪ್ಪತ್ತೆರಡಕ್ಕೆ ಸೈನ್ಯದ ಪರೀಕ್ಷೆಯಲ್ಲಿ ಫೇಲಾದ. ಅವನು ಇದನ್ನೆಲ್ಲ ಒಂದು ಗುರುತು ಅಂತ ಓದಿಕೊಂಡ: ಲೋಕದ ಗೆಲುವು ನನಗೆ ಬರೆದಿಲ್ಲ, ದೇವರು ನನ್ನನ್ನು ತನ್ನ ಕಡೆಗೆ ಕರೆಯುತ್ತಿದ್ದಾನೆ. ಸಾರ್ತ್ರ್ ಕೇಳುವುದು, ಆ ಗುರುತಿಗೆ ಆ ಅರ್ಥ ಕೊಟ್ಟವರು ಯಾರು? ಇದೇ ಸೋಲುಗಳಿಂದ ಅವನು ಬಡಗಿ ಆಗುವ ತೀರ್ಮಾನಕ್ಕೂ ಬರಬಹುದಿತ್ತು, ಕ್ರಾಂತಿಕಾರಿಯೂ ಆಗಬಹುದಿತ್ತು. ಓದಿದವನು ಅವನೇ, ಜವಾಬ್ದಾರಿಯೂ ಅವನದೇ.

ಕಾಗದದ ದೋಣಿ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಇದು ಗಟ್ಟಿಯಾದ ಉತ್ತರ. ಕರೆ ಬಂದಿದೆ ಅನ್ನುವುದು ಒಂದು ಓದು. ಆ ಓದಿಗೆ ಸಹಿ ಹಾಕುವವರು ನೀವು. ಸಾರ್ತ್ರ್ ಹೇಳಿದ್ದರಲ್ಲಿ ಇಷ್ಟು ಪೂರ್ತಿ ಸರಿ. ಆದರೆ ಅವನು ಅಲ್ಲಿಗೆ ನಿಲ್ಲಿಸುತ್ತಾನೆ, ಅದು ಸಾಲದು. ಓದುವವನು ನಾನೇ ಆದ ಮಾತ್ರಕ್ಕೆ ಎಲ್ಲ ಓದುಗಳೂ ಸಮ ಆಗುವುದಿಲ್ಲ. ಪುಸ್ತಕವನ್ನು ಓದುವವನೂ ನಾನೇ. ಆದರೂ ತಪ್ಪಾಗಿ ಓದಬಹುದು, ಬೇರೆಯವರು ಬಂದು ಇಲ್ಲಿ ನೋಡು ಅಂತ ತಿದ್ದಬಹುದು.

ಇದರ ಎದುರು ತುದಿಗೆ ಸ್ಪೇನಿನ ತತ್ವಜ್ಞಾನಿ ಒರ್ಟೇಗಾ ಇ ಗಾಸೆಟ್ ನಿಂತಿದ್ದಾನೆ. 1932ರಲ್ಲಿ, ಜರ್ಮನ್ ಕವಿ ಗಯಟೆ ತೀರಿಕೊಂಡು ನೂರು ವರ್ಷ ಆದಾಗ, ಒಂದು ಪ್ರಬಂಧ ಬರೆದ. ಪ್ರತಿಯೊಬ್ಬನಿಗೂ ಅವನು ಆಗಲೇಬೇಕಾದ ಒಂದು ರೂಪ ಇದೆ, ಅದನ್ನು ನಾವು ಆರಿಸಿಕೊಳ್ಳುವುದಿಲ್ಲ, ಅದಕ್ಕೆ ಬೆನ್ನು ಹಾಕಿದರೆ ಬದುಕು ಸುಳ್ಳಾಗುತ್ತದೆ ಅನ್ನುವುದು ಅವನ ವಾದ. ಗಯಟೆ ವೈಮಾರ್‌ಗೆ ಹೋಗಿ ಆಸ್ಥಾನದ ಸುರಕ್ಷಿತ ಬದುಕು ಹಿಡಿದು ತನ್ನ ಕರೆಗೆ ದ್ರೋಹ ಮಾಡಿಕೊಂಡ ಅಂತ ದೂರುತ್ತಾನೆ. ಹೀಗೆ ಹೋಗಿ ಹೋಗಿ ಒಂದು ಭಯಂಕರ ಮಾತಿಗೆ ಬರುತ್ತಾನೆ: ಕಳ್ಳನಾಗಬೇಕಿದ್ದವನು ಮನಸ್ಸು ಗಟ್ಟಿ ಮಾಡಿ ಕಳ್ಳನಾಗದೆ ಉಳಿದರೆ ಅವನೂ ತನ್ನ ಬದುಕನ್ನು ಸುಳ್ಳು ಮಾಡಿಕೊಂಡ ಹಾಗೆ. ಇದು ಭಯಂಕರ ಅಂತ ಅವನೇ ಒಪ್ಪುತ್ತಾನೆ. ನನಗೆ ಅನ್ನಿಸುವುದು, ಯಾವ ಯೋಚನೆ ನಮ್ಮನ್ನು ಇಲ್ಲಿಗೆ ತಂದು ಬಿಡುತ್ತದೋ ಅದರ ಶುರುವಿನಲ್ಲೇ ಏನೋ ತಪ್ಪಿದೆ. ಕರೆಯನ್ನು ಪೂರ್ತಿ ಒಳಗೆ ಎಳೆದುಕೊಂಡರೆ ಹೀಗಾಗುತ್ತದೆ. ಕಳ್ಳತನ ಆದ ಮನೆಯವನಿಗೆ ಮಾತಾಡಲು ಆ ಪ್ರಬಂಧದಲ್ಲಿ ಜಾಗವೇ ಇಲ್ಲ.

ಮನೆಯವರ ವಿಷಯಕ್ಕೆ ಇಂಗ್ಲಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಓದಲೇಬೇಕು. 1976ರ ಪ್ರಬಂಧ, ನೈತಿಕ ಅದೃಷ್ಟದ ಬಗ್ಗೆ. ಚಿತ್ರಕಾರ ಗೊಗ್ಯಾಂ ಹೆಸರಿನ ಒಬ್ಬನನ್ನು ತೆಗೆದುಕೊಳ್ಳುತ್ತಾನೆ, ಚರಿತ್ರೆಯ ವಿವರ ಬಿಟ್ಟು. ನಿಜವಾದ ಗೊಗ್ಯಾಂ 1891ರಲ್ಲಿ ಟಹೀಟಿಗೆ ಹೊರಟಾಗ ಅವನ ಹೆಂಡತಿ ಮೆಟ್ ಮತ್ತು ಐದು ಮಕ್ಕಳು ಯುರೋಪಿನಲ್ಲೇ ಉಳಿದರು. ವಿಲಿಯಮ್ಸ್‌ನ ಗೊಗ್ಯಾಂ ತನ್ನನ್ನು ನಂಬಿದವರನ್ನು ಬಿಟ್ಟು ಚಿತ್ರಕ್ಕಾಗಿ ಹೋಗುತ್ತಾನೆ, ಅವರ ಕಷ್ಟ ಅವನಿಗೆ ಗೊತ್ತು, ಅದು ಅವನನ್ನು ಕಾಡುತ್ತದೆ. ಅವನು ಮಾಡಿದ್ದಕ್ಕೆ ಸಮರ್ಥನೆ ಏನಾದರೂ ಸಿಕ್ಕರೆ ಅದು ಗೆದ್ದ ಮೇಲೇ ಸಿಗುವುದು, ಹೊರಡುವ ದಿನ ಅವನ ಕೈಯಲ್ಲಿ ಏನೂ ಇರುವುದಿಲ್ಲ ಅನ್ನುತ್ತಾನೆ ವಿಲಿಯಮ್ಸ್. ಅಷ್ಟೇ ಅಲ್ಲ, ಗೆದ್ದರೂ ಬಿಟ್ಟುಹೋದವರ ದೂರು ಹಾಗೆಯೇ ಉಳಿಯುತ್ತದೆ. ನೂರು ಒಳ್ಳೆಯ ಚಿತ್ರ ಬರೆದರೂ ಆ ಮಕ್ಕಳು 'ಸರಿ ಹಾಗಾದರೆ' ಅನ್ನಬೇಕಾಗಿಲ್ಲ. ಮಧ್ಯಾಹ್ನದ ಬಿಸಿಲು ಅವರು ಹೇಳಿದ 'ಬೇಡ ಅನ್ನುವ ಹಕ್ಕು' ಇಲ್ಲಿ ಸುರಕ್ಷಿತವಾಗಿದೆ. ಹಾಗಂತ ಗೊಗ್ಯಾಂಗೆ ಇದ್ದದ್ದು ಬರೀ 'ಇಷ್ಟ' ಅಂತಲೂ ವಿಲಿಯಮ್ಸ್ ಹೇಳುವುದಿಲ್ಲ. ಕೆಲವು ಹಂಬಲಗಳು ಮನುಷ್ಯ ಮುಂದೆ ಬದುಕುವುದಕ್ಕೇ ಕಾರಣವಾಗಿರುತ್ತವೆ, ಅವನ್ನು ಕಿತ್ತರೆ ಉಳಿಯುವವನು ಬೇರೆ ಯಾರೋ. ನೀವು ಕೇಳಿದ ಒತ್ತಡ ಅದು ಅಂತ ನನ್ನ ಊಹೆ.

ಮಧ್ಯಾಹ್ನದ ಬಿಸಿಲು

ವಿಲಿಯಮ್ಸ್ ಬಗ್ಗೆ ಒಪ್ಪುತ್ತೇನೆ. ಆದರೂ ಒಂದು ಕೇಳುತ್ತೇನೆ. ಆ ಪ್ರಬಂಧದಲ್ಲಿ ಹೆಂಡತಿ ಮಕ್ಕಳು ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಮೆಟ್ ಅನುವಾದ ಮಾಡಿ, ಫ್ರೆಂಚ್ ಪಾಠ ಹೇಳಿ ಸಂಸಾರ ನಡೆಸಿದಳು. ಅವಳಿಗೆ ಕರೆ ಇತ್ತಾ ಅಂತ ಯಾವ ತತ್ವಜ್ಞಾನಿಯೂ ಪ್ರಬಂಧ ಬರೆದಿಲ್ಲ. ಉಳಿದವರ ಕಡೆಯಿಂದ ಶುರು ಮಾಡಿ ಕರೆಯ ಬಗ್ಗೆ ಬರೆದವರು ಯಾರಾದರೂ ಇದ್ದರೆ ಹೇಳಿ, ಓದುತ್ತೇನೆ.

ಹಳೇ ಪುಟ

ಇದ್ದಾನೆ. ಡೀಟ್ರಿಕ್ ಬೊನ್‌ಹೋಫರ್. ಲೂಥರನ್ ಪಾದ್ರಿ, ಹಾಗಾಗಿ ನಂಬಿಕೆ ಇಲ್ಲದವರು ಓದುವುದಿಲ್ಲ, ಅದು ನಷ್ಟ. 1940ರಿಂದ 43ರವರೆಗೆ ನೀತಿಯ ಬಗ್ಗೆ ಬರೆಯುತ್ತಿದ್ದ. ಮುಗಿಸಲು ಆಗಲಿಲ್ಲ, 1943ರ ಏಪ್ರಿಲ್‌ನಲ್ಲಿ ನಾಜಿಗಳು ಹಿಡಿದುಕೊಂಡು ಹೋದರು.

ನೀವು ಲೂಥರ್ ಮೇಲೆ ಹೊರಿಸಿದ ದೂರನ್ನೇ ಬೊನ್‌ಹೋಫರ್ ಲೂಥರನ್ನರ ಮೇಲೆ ಹೊರಿಸುತ್ತಾನೆ. ಕರೆ ಅಂದರೆ ನನ್ನ ಮೇಜಿನ ಮುಂದಿನ ಕೆಲಸವನ್ನು ಚೊಕ್ಕಟವಾಗಿ ಮಾಡಿ ಮನೆಗೆ ಹೋಗುವುದು ಅಂತ ಜನ ಅರ್ಥಮಾಡಿಕೊಂಡರು. 1933ರ ನಂತರ ಜರ್ಮನಿಯಲ್ಲಿ ಗುಮಾಸ್ತ, ನ್ಯಾಯಾಧೀಶ, ವೈದ್ಯ, ಮೇಷ್ಟರು ಎಲ್ಲರೂ ತಮ್ಮ ತಮ್ಮ ಕೆಲಸ ನಿಷ್ಠೆಯಿಂದ ಮಾಡಿದರು. ಏನಾಯಿತು ಅಂತ ನಮಗೆ ಗೊತ್ತು. ಬೊನ್‌ಹೋಫರ್‌ಗೆ ಕರೆ ಅನ್ನುವುದು ಜವಾಬ್ದಾರಿಯ ಜಾಗ, ಆ ಜಾಗಕ್ಕೆ ಬೇಲಿ ಇಲ್ಲ. ಅವನೇ ಕೊಡುವ ಉದಾಹರಣೆ ವೈದ್ಯನದು. ರೋಗಿಯ ಹಾಸಿಗೆಯ ಹತ್ತಿರ ಇರುವಾಗ ಅವನು ತನ್ನ ಕರೆಗೆ ಉತ್ತರ ಕೊಡುತ್ತಿದ್ದಾನೆ. ಆದರೆ ವೈದ್ಯವಿದ್ಯೆಗೇ, ಮನುಷ್ಯರ ಜೀವಕ್ಕೇ ಅಪಾಯ ಬಂದಾಗ ಹಾಸಿಗೆ ಬಿಟ್ಟು ಎದ್ದು ಬೀದಿಗೆ ಬಂದು ಮಾತಾಡುವುದೂ ಅದೇ ಕರೆ. ಆಗ ಜರ್ಮನಿಯಲ್ಲಿ ಆಸ್ಪತ್ರೆಗಳಿಂದಲೇ ಅಂಗವಿಕಲರನ್ನು ಸಾಯಿಸಲು ಕಳಿಸುತ್ತಿದ್ದರು, ಆ ಕಾಲದಲ್ಲಿ ಬರೆದ ಮಾತು ಇದು.

ಅವನ ಬದುಕಿನಲ್ಲೂ ಅದು ಕಾಣುತ್ತದೆ. 1939ರ ಜೂನ್‌ನಲ್ಲಿ ನ್ಯೂಯಾರ್ಕ್‌ಗೆ ಹೋದ, ಸುರಕ್ಷಿತವಾಗಿ ಇರಬಹುದಿತ್ತು, ಗೆಳೆಯರು ಕೆಲಸವನ್ನೂ ಹೊಂದಿಸಿದ್ದರು. ಕೆಲವೇ ವಾರಗಳಲ್ಲಿ ವಾಪಸ್ಸು ಹೊರಟ. ಈ ಕಾಲದ ಕಷ್ಟವನ್ನು ನನ್ನ ಜನರ ಜೊತೆ ಹಂಚಿಕೊಳ್ಳದಿದ್ದರೆ ಯುದ್ಧದ ನಂತರ ಅಲ್ಲಿನ ಬದುಕನ್ನು ಮತ್ತೆ ಕಟ್ಟುವುದರಲ್ಲಿ ಪಾಲುಗೊಳ್ಳುವ ಹಕ್ಕು ನನಗಿರುವುದಿಲ್ಲ ಅಂತ ಅಮೆರಿಕದ ದೇವತಾಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್‌ಗೆ ಪತ್ರ ಬರೆದ. 1945ರ ಏಪ್ರಿಲ್ 9ರಂದು ನಾಜಿಗಳ ಸೆರೆಶಿಬಿರ ಇದ್ದ ಫ್ಲೋಸೆನ್‌ಬುರ್ಗ್‌ನಲ್ಲಿ ಅವನನ್ನು ನೇಣಿಗೆ ಹಾಕಿದರು. ಆ ಪತ್ರದಲ್ಲಿ ಅವನ 'ನಿಜವಾದ ನಾನು' ಎಲ್ಲೂ ಬರುವುದಿಲ್ಲ. ಬರುವುದು ಅವನ ಜನ.

ನಿಮ್ಮ ಸಿಮೊನ್ ವೇಲ್ ಬಗ್ಗೆಯೂ ಒಂದು ಮಾತು. ಅದೇ ವೇಲ್ 1942ರಲ್ಲಿ ಫಾದರ್ ಪೆರಾಂಗೆ ಬರೆದ ಪತ್ರದಲ್ಲಿ, ಕರೆ ಅನ್ನುವುದು ಬುದ್ಧಿ ಹೇಳಿದ್ದಕ್ಕಿಂತಲೂ ಮನಸ್ಸಿಗೆ ಹಿಡಿಸಿದ್ದಕ್ಕಿಂತಲೂ ಪೂರ್ತಿ ಬೇರೆ ಜಾತಿಯ ಒತ್ತಡ, ಅದು ಬಂದಾಗ ಕೇಳದೆ ಇರುವುದೇ ತನಗೆ ಎಲ್ಲಕ್ಕಿಂತ ದೊಡ್ಡ ಕೇಡು ಅಂತ ಕಂಡಿತು ಅನ್ನುತ್ತಾಳೆ. ಕಾರ್ಖಾನೆಯಲ್ಲಿ ಅಷ್ಟು ನೋಡಿ ಬಂದವಳು ಆ ಮಾತನ್ನು ಬಿಡಲಿಲ್ಲ. ಮನಸ್ಸಿಗೆ ಹಿಡಿಸಿದ್ದರಿಂದ ಅದನ್ನು ಬೇರೆ ಮಾಡಿದ್ದು ನೋಡಿ. ಈ ಚರ್ಚೆ ಶುರುವಾದದ್ದೇ ಆ ವ್ಯತ್ಯಾಸದಿಂದ.

ತೊರೆಯ ಕಲ್ಲು

ವೇಬರ್‌ಗೆ ಒಂದು ಸಲ ವಾಪಸ್ಸು ಹೋಗಿ ಬಿಡುತ್ತೇನೆ, ಯಾಕೆಂದರೆ ಪ್ರಶ್ನೆ ಅಲ್ಲಿಂದ ಬಂದದ್ದು. ಕಾಗದದ ದೋಣಿ ಅವರೇ, ನೀವು 'ದೈವ' ಅನ್ನುವ ಮಾತಿಗೆ ಸಿಕ್ಕಿಕೊಂಡಿರಿ. ಅದಕ್ಕೆ ಮುಂಚಿನ ಮಾತು ನೋಡಿ, 'ಆ ದಿನ ಕೇಳುವುದನ್ನು ಮಾಡಿ', ಮನುಷ್ಯನಾಗಿಯೂ ಮಾಡಿ, ಕಸುಬಿನವನಾಗಿಯೂ ಮಾಡಿ ಅನ್ನುತ್ತಾನೆ. ಎರಡೂ ಅಂದಿದ್ದಾನೆ. ಮನುಷ್ಯನಾಗಿ ಆ ದಿನ ಕೇಳುವುದರಲ್ಲಿ ನಿಮ್ಮ ಮನೆಯವರೂ ಬರುತ್ತಾರೆ.

ಭಾಷಣದ ಮೊದಲ ಭಾಗದಲ್ಲಿ ಇನ್ನೊಂದು ಮಾತಿದೆ, ಅದು ನಿಮಗೆ ತಕ್ಷಣ ಉಪಯೋಗಕ್ಕೆ ಬರಬಹುದು. ಈ ಹಸ್ತಪ್ರತಿಯ ಈ ಸಾಲಿಗೆ ಈ ಅರ್ಥ ಸರಿಯೋ ಅಲ್ಲವೋ ಅನ್ನುವುದರ ಮೇಲೇ ತನ್ನ ಪ್ರಾಣ ನಿಂತಿದೆ ಅನ್ನುವಷ್ಟು ಮುಳುಗಲು ಆಗದವನು ಈ ಕೆಲಸಕ್ಕೆ ಬರುವುದು ಬೇಡ ಅನ್ನುತ್ತಾನೆ ವೇಬರ್. ಇಲ್ಲಿ ಕರೆಯುತ್ತಿರುವುದು ಆ ಸಾಲು. ಅದಕ್ಕೆ ಸರಿ ತಪ್ಪು ಇದೆ, ಅದು ನನ್ನ ಇಷ್ಟಕ್ಕೆ ಬಗ್ಗುವುದಿಲ್ಲ. ಇಷ್ಟಕ್ಕೂ ಕರೆಗೂ ಇರುವ ವ್ಯತ್ಯಾಸ ನನಗೆ ಇಲ್ಲೂ ಕಾಣುತ್ತದೆ.

ಇದನ್ನು ಪರೀಕ್ಷೆ ಮಾಡಲು ಕೆಲಸ ಬಿಡಬೇಕಾಗಿಲ್ಲ. ನಿಮ್ಮನ್ನು ಕಾಡುತ್ತಿರುವ ಒಂದು ಸಣ್ಣ ಪ್ರಶ್ನೆ ಹಿಡಿದುಕೊಳ್ಳಿ, ಸಂಜೆ ಹೊತ್ತು ಕೂತು ಮೂಲ ಓದಿ ಕೆಲವು ಪುಟ ಬರೆಯಿರಿ, ಅದೇ ವಿಷಯ ಬಲ್ಲ ಒಬ್ಬರಿಗೆ ತೋರಿಸಿ. ಅವರು ಇದು ತಪ್ಪು, ಇಲ್ಲಿ ಮತ್ತೆ ಓದಿ ಅಂದಾಗ ಮನಸ್ಸಿಗೆ ಏನಾಗುತ್ತದೆ ನೋಡಿ. ಮತ್ತೆ ಆ ಪುಟಕ್ಕೆ ಹೋಗಬೇಕು ಅನ್ನಿಸಿದರೆ ಮನೆಯವರ ಹತ್ತಿರ ಮಾತಾಡುವುದಕ್ಕೆ ನಿಮ್ಮ ಬಳಿ ಏನಾದರೂ ಇರುತ್ತದೆ. ಬರೆದದ್ದನ್ನು ಇಲ್ಲಿ ಹಾಕಿದರೂ ಸರಿ, ನಾನು ಓದುತ್ತೇನೆ.